ಪರಮೇಶ್ವರಪ್ಪನ ಹೊಲದ ಕಳೆ

ನನ್ನ ಬಾಯಿ ಮೊದಲೇ ಜೋರು. ಅವತ್ತು ಕುರಿ ಕಾಯುವ ಮುದ್ದಕ್ಕನ ಮೇಲೆ ಅದನ್ನು ಊರಿಗೆಲ್ಲ ಕೇಳುವಂತೆ ಹರಿಬಿಟ್ಟೆ.

೧೯೭೪ರ ಜನವರಿ. ಹಿರೇಗುಂಟನೂರಿನ ಹತ್ತಿರದ ಮೇವಿನ ಪ್ರಯೋಗದ ತಾಕಿನಲ್ಲಿ ನಾನು ಫೀಲ್ಡ್‌ಮನ್. ಬರ ಬಂದರೂ ದನ ಕುರಿಗೆ ಹಸಿರು ಸಿಗಬೇಕು ಅಂತ ನಮ್ಮ ಮೇಲಧಿಕಾರಿ ಶಿವಕುಮಾರಪ್ಪ ಸಾಹೇಬರು ಹನ್ನೊಂದು ಬಗೆಯ ಮೇವು ಹಾಕಿಸಿದ್ದರು. ಎರಡು ವರ್ಷದ ಬರ ಹತ್ತನ್ನು ನುಂಗಿತು. ಉಳಿದದ್ದು ಸ್ಟೈಲೋ ಅನ್ನುವ ಮೂರೆಲೆಯ ಗಿಡ, ಅದೂ ಒಂಬತ್ತೇ ಒಂಬತ್ತು. ಅವು ಹಳದಿ ಹೂ ಬಿಟ್ಟು ಬೀಜ ಕಟ್ಟಿದಾಗ ನನಗೆ ಮನೆಯಲ್ಲಿ ತೊಟ್ಟಿಲು ಕಟ್ಟಿದಷ್ಟು ಸಂಭ್ರಮ.

ಬೀಜ ಕೊಯ್ಯುವ ಹಿಂದಿನ ದಿನ, ಗಾಡಿ ಒಳಗೆ ಬರಲಿ ಅಂತ ಬೇಲಿಯ ಜಾಲಿಮುಳ್ಳು ಸರಿಸಿದೆ. ಮುಚ್ಚದೆ ಊಟಕ್ಕೆ ಹೋದೆ. ಸುಗ್ಗಿ ಆದ ಮೇಲೆ ಬೇಲಿ ತೆಗೆದ ಹೊಲ ಅಂದರೆ ಯಾರ ಕುರಿಯಾದರೂ ಕೂಳೆ ಮೇಯಬಹುದು ಅಂತ ನಮ್ಮ ಕಡೆ ರೂಢಿ. ಮುದ್ದಕ್ಕ ಒಣಗಿ ನಿಂತ ಗಿಡ ನೋಡಿದಳು, ಮಂದೆ ಬಿಟ್ಟಳು. ನಾನು ಬರುವಷ್ಟರಲ್ಲಿ ಬರೀ ಬುಡ ಉಳಿದಿತ್ತು. ನೆಲಕ್ಕೆ ಉದುರಿದ್ದ ನಾಲ್ಕು ಕಾಳು ಇರುವೆ ಪಾಲು. ಬುಡಗಳೂ ಆ ಬೇಸಿಗೆಯಲ್ಲಿ ಒಣಗಿ ಹೋದವು.

"ಬೇಲಿ ತೆಗ್ದಿತ್ತಪ್ಪ," ಅಂದಳು ಮುದ್ದಕ್ಕ.

"ಬೇಲಿ ನೀನೇ ಕಿತ್ತಿದ್ದೀಯ," ಅಂದೆ. ಸಾಹೇಬರ ಮುಂದೆಯೂ ಅದನ್ನೇ ಹೇಳಿದೆ.

ಸಾಹೇಬರು ಯಾರನ್ನೂ ಬೈಯಲಿಲ್ಲ. "ಈ ಬೀಜ ಇನ್ನೆಲ್ಲೂ ಇಲ್ಲ ಬೋರಪ್ಪ. ಎರಡು ಬರ ಗೆದ್ದದ್ದು ಇದೊಂದೇ," ಅಂದು ಎದ್ದು ಹೋದರು. ಬೈದಿದ್ದರೆ ವಾಸಿಯಿತ್ತು. ಅವತ್ತಿನಿಂದ ಮುದ್ದಕ್ಕ ನಮ್ಮ ದಾರಿ ಬಿಟ್ಟು ಕೆರೆಯ ಆಚೆಯಿಂದ ಸುತ್ತಿಕೊಂಡು ಹೋಗುತ್ತಿದ್ದಳು. ಅದನ್ನು ನೋಡಿದಾಗೆಲ್ಲ ನಾನು ಬೇರೆ ಕಡೆ ತಿರುಗಿಕೊಳ್ಳುತ್ತಿದ್ದೆ.

ಜೂನ್‌ನಲ್ಲಿ ಎರಡು ಹದ ಮಳೆ ಆಯಿತು. ಪಕ್ಕದ ಹೊಲದ ಪರಮೇಶ್ವರಪ್ಪ ಬುಸುಗುಡುತ್ತ ಬಂದರು.

"ಲೇ ಬೋರ, ನಿನ್ನ ತಾಕಿನಾಗೆ ಇತ್ತಲ್ಲ, ಅದೇ ಮೂರೆಲೆ ಕಳೆ ನನ್ನ ಹೊಲದಾಗೆ ಎದ್ದೈತೆ. ನಾಳೆ ಕುಂಟೆ ಹೊಡೀತೀನಿ, ಆಮೇಲೆ ಏನೂ ಅನ್ಬ್ಯಾಡ."

ಚಪ್ಪಲಿ ಮೆಟ್ಟಲೂ ನಿಲ್ಲದೆ ಓಡಿದೆ. ಹೊಲದ ಒಂದು ಮೂಲೆ, ಹಳೆಯ ಕುರಿ ಹಿಕ್ಕೆಯ ನಡುವೆ, ಮೂರು ಮೂರು ಎಲೆಯ ಸಸಿ. ಅದೇ!

"ಇಲ್ಲಿ ಕುರಿ ತರುಬಿಸಿದ್ರಾ?"

"ಹೂಂ, ಗೊಬ್ಬರ ಬೀಳ್ಲಿ ಅಂತ. ಮುದ್ದಕ್ಕನ ಮಂದೆ ಮೂರು ರಾತ್ರಿ ಇಲ್ಲೇ ಮಲಗಿತ್ತು. ನೀನು ಅವಳ್ನ ಬೈದ್ಯಲ್ಲ, ಅವತ್ತಿಂದಾನೇ."

ಆ ಬೀಜದ ಸಿಪ್ಪೆ ಎಷ್ಟು ಗಟ್ಟಿ ಅಂದರೆ ಬಿತ್ತುವ ಮೊದಲು ನಾವು ಬಿಸಿನೀರಿನಲ್ಲಿ ಅದ್ದುತ್ತಿದ್ದೆವು. ಕುರಿಯ ಹೊಟ್ಟೆಯಲ್ಲೂ ಅದು ಅರಗಿರಲಿಲ್ಲ. ಇನ್ನೂರರವರೆಗೆ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಬದುವಿನ ಮೇಲೆ ಕುಂತು ಗೊಳೋ ಅಂತ ಅತ್ತುಬಿಟ್ಟೆ.

ಪರಮೇಶ್ವರಪ್ಪ ಗಾಬರಿಯಾದರು. "ಕಳೆ ಬಂದಿದ್ದು ನನ್ನ ಹೊಲಕ್ಕೆ. ನೀನ್ಯಾಕಪ್ಪ ಅಳ್ತೀಯ?"

ವಿಷಯ ತಿಳಿದ ಮೇಲೆ ಆ ಮೂಲೆಗೆ ಕುಂಟೆ ಹಾಕುವುದಿಲ್ಲ ಅಂತ ಮಾತು ಕೊಟ್ಟರು. ಎದೆ ಹಗುರಾಯಿತು, ಆದರೆ ಅರ್ಧ ಮಾತ್ರ.

ಮುದ್ದಕ್ಕ ಗುಡಿಸಲ ಮುಂದೆ ಮರಿಗೆ ಸೊಪ್ಪು ತಿನ್ನಿಸುತ್ತಿದ್ದಳು. "ತಪ್ಪಾಯ್ತು ಮುದ್ದಕ್ಕ. ಬೀಜ ಸಿಕ್ತು. ಬೇಲಿ ತೆಗ್ದೋನು ನಾನೇ," ಅಂದೆ.

ಅವಳು ತಲೆ ಎತ್ತಲಿಲ್ಲ. "ನನಗೆ ಅದು ಅವತ್ತೇ ಗೊತ್ತಿತ್ತಲ್ಲಪ್ಪ. ಗೊತ್ತಿಲ್ದೋರಿಗೆ ಹೋಗಿ ಹೇಳು."

ಮಧ್ಯಾಹ್ನದ ಬಸ್ಸಿಗೆ ದುರ್ಗದಲ್ಲಿದ್ದ ಸಾಹೇಬರ ಆಫೀಸಿಗೆ ಹೋದೆ. ಸಾಹೇಬರಿಗೆ ಮೊದಲು ಬೇಲಿಯ ವಿಷಯ ಹೇಳಿದೆ, ಆಮೇಲೆ ಸಸಿಯದ್ದು.