ಸ್ವಿಚ್ಚಿನ ಮೇಲೆ ಇನ್ನೊಂದು ಬೀಗ

ಮೇಲೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಾಯಿತು. ಲಿಫ್ಟಿನ ತಳದ ಗುಂಡಿಯಲ್ಲಿ ಮಂಡಿಯೂರಿ ಸ್ಪ್ರಿಂಗಿಗೆ ಗ್ರೀಸು ಬಳಿಯುತ್ತಿದ್ದ ಮೆಕ್ಯಾನಿಕ್ ಕೈ ತಡೆದ.

"ಯಾರದು?"

ಯಾರದೋ ಏದುಸಿರು ಮಾತ್ರ.

ಗುಂಡಿಗಿಳಿಯುವವನು ಮೇನ್ ಸ್ವಿಚ್ ಆಫ್ ಮಾಡಿ, ಬೇರೆ ಯಾರೂ ಲಿಫ್ಟ್ ಚಾಲೂ ಮಾಡದಂತೆ ಅದಕ್ಕೆ ತನ್ನದೇ ಬೀಗ ಜಡಿದು, ಕೀಲಿ ಜೇಬಿಗಿಟ್ಟುಕೊಂಡೇ ಇಳಿಯಬೇಕು. ಮೆಕ್ಯಾನಿಕ್ ಜೇಬು ಮುಟ್ಟಿಕೊಂಡ. ಕೀಲಿ ಇತ್ತು. ಆದರೆ ಸ್ವಿಚ್ಚಿನ ಪಕ್ಕ ಕಾವಲಿಗೆ ನಿಂತಿದ್ದವನು ತಂಗಿಯ ಗಂಡ. ಹೊಳೆಯಾಚೆಯವನು.

ಹೊಳೆಯಾಚೆಯವರಿಗೆ ಬೆನ್ನು ಕೊಡಬೇಡ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ತಂಗಿ ಅವರಲ್ಲೊಬ್ಬನನ್ನೇ ಕಟ್ಟಿಕೊಂಡು ಬಂದು, "ಕೆಲಸ ಕಲಿಸಣ್ಣ, ನಿನ್ನ ದಮ್ಮಯ್ಯ" ಎಂದಾಗ ಇಲ್ಲವೆನ್ನಲಾಗದೆ ಮೆಕ್ಯಾನಿಕ್ ಅವನನ್ನು ತನ್ನ ಲಿಫ್ಟ್ ರಿಪೇರಿ ಅಂಗಡಿಗೆ ಸೇರಿಸಿಕೊಂಡಿದ್ದ. ಸೇರಿಸಿಕೊಂಡದ್ದಷ್ಟೇ. ಬೀಗದ ಎರಡನೇ ಕೀಲಿಯನ್ನು ಜೊತೆಗಾರನ ಕೈಲಿಡುವುದು ರೂಢಿ. ಇವನು ಅದನ್ನು ಕಟ್ಟಡದ ವಾಚ್‌ಮನ್‌ಗೆ ಕೊಟ್ಟಿದ್ದ. ವಾಚ್‌ಮನ್ ಎಷ್ಟಾದರೂ ಹೊಳೆಯ ಈಚೆಯವನು, ನಮ್ಮವನು.

ಮೆಕ್ಯಾನಿಕ್ ಏಣಿ ಹತ್ತಿ ಓಡಿಬಂದ. ಸ್ವಿಚ್ಚಿನ ಮೇಲೆ ಅವನ ಬೀಗವಿರಲಿಲ್ಲ. ಬೇರೆ ಯಾವುದೋ ನೇತಾಡುತ್ತಿತ್ತು. ತಂಗಿಯ ಗಂಡ ಅದಕ್ಕೆ ಬೆನ್ನೊತ್ತಿ ನಿಂತಿದ್ದ, ತುಟಿ ಒಡೆದಿತ್ತು. ಎದುರಿಗೆ ವಾಚ್‌ಮನ್.

"ನನ್ನ ಬೀಗ ಎಲ್ಲೋ?" ಮೆಕ್ಯಾನಿಕ್ ತಂಗಿಯ ಗಂಡನ ಕಾಲರಿಗೇ ಕೈಹಾಕಿದ.

"ಅವರ ಕೈಲಿದೆ, ಭಾವ."

ವಾಚ್‌ಮನ್ ಹಲ್ಲುಕಿರಿದ. "ಮೇಲಿನ ಮಹಡಿಯವರು ಲಿಫ್ಟ್ ಬೇಕು ಅಂತ ಪ್ರಾಣ ತಿಂದ್ರು ಸಾರ್. ನೀವು ಟೀಗೆ ಹೋಗಿದೀರಿ ಅಂದ್ಕೊಂಡು ಬೀಗ ತೆಗೆದೆ. ಸ್ವಿಚ್ ಹಾಕೋಕೆ ಇವನು ಬಿಟ್ರೆ ತಾನೆ? ಮೈಮೇಲೆ ಬಿದ್ದು ತನ್ನ ಬೀಗ ಜಡಿದ."

"ನೀನ್ಯಾಕೆ ಬೀಗ ಹಾಕಿದೆ?" ಮೆಕ್ಯಾನಿಕ್‌ಗೆ ಇನ್ನೂ ಅನುಮಾನ. "ನೀನೇನು ಕೆಳಗಿಳಿದಿದ್ಯಾ?"

"ನೀವು ಇಳಿದಿದ್ರಲ್ಲ."

ಮೆಕ್ಯಾನಿಕ್ ಕಾಲರು ಬಿಟ್ಟ. ಮೆಟ್ಟಿಲ ಮೇಲೆ ಕೂತ. ವಾಚ್‌ಮನ್ ಮೆಲ್ಲಗೆ ಜಾಗ ಖಾಲಿ ಮಾಡಿದ.

"ನೀನು ಹೊಳೆಯಾಚೆಯವರ ಹಾಗಲ್ಲ ಕಣೋ," ಎಂದ ಮೆಕ್ಯಾನಿಕ್. "ನಾಳೆಯಿಂದ ಅಂಗಡೀಲಿ ಅರ್ಧ ಪಾಲು ನಿಂದು. ಬೋರ್ಡ್ ಮೇಲೆ ನಿನ್ನ ಹೆಸರೂ ಬರೆಸ್ತೀನಿ."

ತಂಗಿಯ ಗಂಡನ ಮುಖ ಅರಳಿತು. "ಹಾಗಾದ್ರೆ ನಮ್ಮಣ್ಣನ್ನೂ ಕರ್ಕೊಳ್ಳೋಣ, ಭಾವ. ವೈರಿಂಗ್ ಚೆನ್ನಾಗಿ ಬರುತ್ತೆ ಅವನಿಗೆ."

"ಅವನ್ಯಾಕೆ?" ಮೆಕ್ಯಾನಿಕ್ ಹುಬ್ಬು ಗಂಟಿಕ್ಕಿದ. "ನೀನು ಮನೆಯವನು, ನಿನ್ನ ಮಾತು ಬೇರೆ. ಅವರನ್ನೆಲ್ಲ ಮೇಲೆ ನಿಲ್ಸಿ ನಾನು ಕೆಳಗಿಳಿಯೋದುಂಟಾ?"

ನಕ್ಕು, ಪಾಲು ಖಾಯಂ ಎಂಬಂತೆ ಕೈ ಚಾಚಿದ. ತಂಗಿಯ ಗಂಡ ತುಟಿಯ ರಕ್ತ ಒರೆಸಿಕೊಂಡ. ಆ ಕೈಯನ್ನು ಮುಟ್ಟಲಿಲ್ಲ.

"ನನಗೆ ಬೇಡ."