ಹೊಗೆಯಿಲ್ಲದ ಮನೆ ನೋಡಲು ಬಂದವರು

"ಸಿಲಿಂಡರೂ ಬ್ಯಾಡ, ಹೊಗಿನೂ ಇಲ್ಲ. ತೊಗರಿ ಕಟಗಿಲೇ ಗ್ಯಾಸ್ ಮಾಡ್ತೇನಿ" ಎಂದು ನಾಗಲಿಂಗ ಹೆಣ್ಣು ನೋಡಲು ಹೋದಾಗ ಗುಳೇದಗುಡ್ಡದಲ್ಲಿ ಕೊಚ್ಚಿಕೊಂಡು ಬಂದಿದ್ದ. ಹುಡುಗಿ ಮಹೇಶ್ವರಿಯ ಅಜ್ಜಿ ಒಂದೇ ಮಾತು ಹೇಳಿದ್ದಳು: "ಒಲಿ ಊದಿ ಊದಿ ನನ್ನ ಕಣ್ಣು ಹಾಳಾಗ್ಯಾವು. ನಿಮ್ಮ ಮನ್ಯಾಗ ಹೊಗಿ ಕಂಡ್ರ ಹುಡುಗಿ ಕೊಡೂದಿಲ್ಲ."

ಇಂದು ಅಜ್ಜಿ ಮತ್ತು ಹುಡುಗಿಯ ಮನೆಯವರು ನಾಗಲಿಂಗನ ಮನೆ ನೋಡಲು ಹುನಗುಂದಕ್ಕೆ ಬಂದಿದ್ದರು. ಹಟ ಹಿಡಿದು ಮಹೇಶ್ವರಿಯೂ ಬಂದಿದ್ದಳು.

ಹಿತ್ತಲಲ್ಲಿ ನಾಗಲಿಂಗನ ಡ್ರಮ್ಮು ನಿಂತಿತ್ತು. ಒಳಗೆ ಒಣ ಕಟ್ಟಿಗೆಯ ತುಂಡು. ಗಾಳಿ ಅರೆಹೊಟ್ಟೆಗೆ ಮಾತ್ರ. ಪೂರಾ ಉರಿಯಲು ಬಿಡದೆ ಸತಾಯಿಸಿದರೆ ಕಟ್ಟಿಗೆ ಗ್ಯಾಸು ಬಿಡುತ್ತದೆ, ಅದು ಕೊಳವೆ ಹಿಡಿದು ಒಲೆಗೆ ಬರುತ್ತದೆ. ನಿನ್ನೆ ಅದರ ಮೇಲೆ ಮಿರ್ಚಿಯನ್ನೂ ಕರಿದಿದ್ದ.

ಇಂದು ಬೆಂಕಿಯಿಟ್ಟು ಗಾಳಿ ಊದುವ ಫ್ಯಾನು ತಿರುಗಿಸಿದರೆ ಡ್ರಮ್ಮು ಬೀಡಿ ಸೇದುವ ಮುದುಕನ ಹಾಗೆ "ಖೊಳ್, ಖೊಳ್, ಖ್ರ್‌ರ್" ಎಂದು ಕೆಮ್ಮಿ ಹಳದಿ ಹೊಗೆ ಉಗುಳಿತು. ಹಿತ್ತಲೇ ಕಾಣದಾಯಿತು.

"ಯವ್ವಾ, ಏನ್ ಮಾಡಿದಿ ಇದಕ್ಕ?"

"ಏನಿಲ್ಲೋ," ಹೊಗೆಯೊಳಗಿಂದ ತಾಯಿ ಗುರುಸಿದ್ದವ್ವನ ದನಿ ಬಂತು. "ಹೊಸಾ ಮಶಿನ್ನು, ಪೂಜಿ ಇಲ್ದ ಹೆಂಗ? ಐದು ಕಾಯಿ ಒಡದು ನೀರು ಅದರ ಬಾಯಾಗ ಹಾಕೀನಿ. ಒಂದ್ ಹನಿ ಹೊರಗ ಚೆಲ್ಲಿಲ್ಲ!"

ಪಕ್ಕದ ಮನೆಯ ಲಗಮವ್ವ ಗೋಡೆಯಾಚೆಯಿಂದ ಇಣುಕಿದಳು. ಹೊಗೆ, ಜನ, ಎಲ್ಲರ ಕಣ್ಣಲ್ಲೂ ನೀರು. ನಾಗಲಿಂಗ ಮಾತ್ರ ಕಾಣುತ್ತಿಲ್ಲ. ಓಣಿಯಲ್ಲಿ ಯಾರೇ ತೀರಿಕೊಂಡರೂ ಅವರ ಗುಣಗಳನ್ನು ಹಾಡಿ ಹಾಡಿ ಅಳುವುದರಲ್ಲಿ ಅವಳದೇ ಮೊದಲ ದನಿ. ಎದೆ ಬಡಿದುಕೊಂಡು ಶುರು ಮಾಡಿಯೇಬಿಟ್ಟಳು:

"ನನ್ನಪ್ಪಾ ನಾಗಲಿಂಗಾ! ಯಾರೂ ನೋಡದಂಗ ಭಾಂಡಿ ತಿಕ್ಕತಿದ್ಯಲ್ಲೋ! ಒಂದ್ ಚೀಟಿ ಗುಟಕಾ ಮುಟ್ಟಲಿಲ್ಲಲ್ಲೋ! ನನ್ನ ಮೊಳಕಾಲು ಹಿಡದಾಗ ಬಾಗಲಕೋಟಿ ದವಾಖಾನಿಗೆ ಒಯ್ದಿದ್ಯಲ್ಲೋ!"

"ನಾ ಸತ್ತಿಲ್ಲಬೇ ಚಿಗವ್ವಾ!" ಡ್ರಮ್ಮಿನ ಹಿಂದಿನಿಂದ ನಾಗಲಿಂಗ ಕೂಗಿದ.

"ಸುಮ್ನಿರೋ ತಮ್ಮಾ," ಮಹೇಶ್ವರಿಯ ಅಜ್ಜಿ ಗದರಿದಳು. "ಆಕಿ ಹೇಳಲಿ. ಮುಂದ ಹೇಳಬೇ, ಸಿಟ್ಟು ಹೆಂಗ?"

ಲಗಮವ್ವ ರಾಗ ಬಿಡಲಿಲ್ಲ. "ಸಿಟ್ಟು ಬಂದ್ರ ಉಂಡು ಮಲಗತಿದ್ದನವ್ವೋ!"

ಹೊಗೆಯಲ್ಲಿ ಇಷ್ಟು ಹೊಗಳಿಕೆ ಯಾವ ವರನಿಗೂ ಸಿಕ್ಕಿರಲಿಕ್ಕಿಲ್ಲ. ಆದರೂ ನಾಗಲಿಂಗ ತಲೆ ತಗ್ಗಿಸಿ ಹೊರಬಂದ. "ಅಜ್ಜಿ, ಹೊಗಿ ಕಂಡ್ರ ಕೊಡೂದಿಲ್ಲ ಅಂದಿದ್ರಿ..."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಣ್ಣು ಬಿಡಾಕ ಆದ್ರ ತಾನ ಹೊಗಿ ಕಾಣೂದು? ನನಗೇನೂ ಕಂಡಿಲ್ಲಪಾ."

ಸಂಬಂಧ ಕೂಡಿದ ಹಿಗ್ಗಿಗೆ ಗುರುಸಿದ್ದವ್ವ ಇನ್ನೊಂದು ಕಾಯಿ ಹಿಡಿದು ಡ್ರಮ್ಮಿನ ಕಡೆ ಹೊರಟಳು.

"ಅತ್ತೀ!" ಮಹೇಶ್ವರಿ ಓಡಿ ಹೋಗಿ ಕಾಯಿ ಕಸಿದುಕೊಂಡಳು.

ಆ ಒಂದು ಕೂಗಿಗೆ ನಾಗಲಿಂಗನ ಮುಖ ಬೆಳಗಿತು. ಡ್ರಮ್ಮು ಮಾತ್ರ ಇನ್ನೂ ಕೆಮ್ಮುತ್ತಲೇ ಇತ್ತು.