ಬಿಳಿ ಬಟ್ಟೆಯ ದಿನ

ಕಾರ್ಖಾನೆಯ ಕೊಳವೆಯಿಂದ ತೊರೆಗೆ ಬೀಳುತ್ತಿದ್ದ ನೀರಿಗೆ ಅವಳು ಕೈಯೊಡ್ಡಿದಳು. ಅಂಗೈಯ ಗೆರೆಗಳು ನೀರಿನೊಳಗೆ ನಿಚ್ಚಳವಾಗಿ ಕಂಡವು. ಹಿಂದೆ ನಿಂತಿದ್ದ ಸೋದರಮಾವ ಗಂಟಲು ಸರಿಪಡಿಸಿಕೊಂಡರು.

"ನೋಡು ಗುಬ್ಬಿ, ಕನ್ನಡಿ ಥರ ಇದೆ. ಬರ್ಕೊಂಡು ಹೋಗು ನಿಮ್ಮ ಕಂಪನಿಗೆ."

ಮಾವನದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಆ ಬಟ್ಟೆಯನ್ನು ಕೊಳ್ಳುತ್ತಿದ್ದುದು ಅವಳು ಕೆಲಸ ಮಾಡುವ ಉಡುಪಿನ ಕಂಪನಿ. ಮಾಲು ಒದಗಿಸುವವರು ನೀರನ್ನು, ಕೆಲಸದವರನ್ನು ಹೇಗೆ ನಡೆಸಿಕೊಳ್ಳುತ್ತಾರೆಂದು ನೋಡಿ ಬರುವುದು ಅವಳ ಉದ್ಯೋಗ. "ಅವರು ನನ್ನ ಮಾವ, ಬೇರೆಯವರನ್ನ ಕಳಿಸಿ" ಎಂದಾಗ ಮೇಲಧಿಕಾರಿ ನಕ್ಕಿದ್ದರು. "ಒಳ್ಳೇದೇ ಆಯ್ತಲ್ಲ, ನಿಮ್ಮ ಹತ್ರ ಸುಳ್ಳು ಹೇಳಲ್ಲ."

ತಾಯಿಯಿಲ್ಲದ ಅವಳು ಬೆಳೆದದ್ದು ಇದೇ ಅಂಗಳದಲ್ಲಿ. ಆಗ ಹಿತ್ತಿಲ ತೊರೆ ಒಂದು ದಿನ ನೀಲಿ, ಒಂದು ದಿನ ಕೆಂಪು. ಹಾಸಿಗೆಯಲ್ಲೇ ಕಣ್ಣುಮುಚ್ಚಿ ಇವತ್ತು ಯಾವ ಬಣ್ಣವೆಂದು ಊಹಿಸುವುದು ಅವಳ ಆಟ. ಲೋಕದ ತೊರೆಗಳೆಲ್ಲ ಹಾಗೇ ಇರುತ್ತವೆಂದು ನಂಬಿ, ಶಾಲೆಯಲ್ಲಿ ತೊರೆಯ ಚಿತ್ರಕ್ಕೆ ಕೆಂಪು ಬಳಿದು ನಗೆಪಾಟಲಾಗಿದ್ದಳು.

ಕಾರ್ಖಾನೆಯೊಳಗೆ ಹಬೆ ತುಂಬಿತ್ತು. ಅದರೊಳಗೆ ಕೆಲಸದವರು ತೇಲುವವರಂತೆ ಓಡಾಡುತ್ತಿದ್ದರು. ಬಾನಿಗಳಿಂದ ಉದ್ದುದ್ದ ಬಟ್ಟೆಗಳು ಮೆಲ್ಲಗೆ ಮೇಲೇಳುತ್ತಿದ್ದವು. ಎಲ್ಲವೂ ಬಿಳಿ. ಅವಳ ನಡಿಗೆ ನಿಧಾನವಾಯಿತು.

"ಮಾವ, ಇವತ್ತು ಬಣ್ಣ ಹಾಕಲ್ವಾ?"

"ಇವತ್ತು ಬರೀ ತೊಳೆಯೋದು."

"ನಾಳೆ?"

ಮಾವ ಅಂಗಿಯ ಗುಂಡಿ ಸರಿಮಾಡಿಕೊಂಡರು. "ನಾಳೆ ನೀನಿರಲ್ವಲ್ಲ."

"ಇರ್ತೀನಿ."

ರಾತ್ರಿ ಮನೆಯಲ್ಲಿ ಅತ್ತೆ ಹಿಗ್ಗಿ ಹಾಸಿಗೆ ಹಾಸಿದರು. ಮಾವನಿಗೆ ಊಟ ಸೇರಲಿಲ್ಲ.

ಬೆಳಿಗ್ಗೆ ಕಣ್ಣು ತೆರೆಯುವ ಮೊದಲೇ ಅವಳು ನೀಲಿ ಎಂದುಕೊಂಡಳು. ಹಿತ್ತಿಲಿಗೆ ಹೋದಾಗ ತೊರೆ ನೀಲಿಯಾಗಿತ್ತು. ಮಂಜಿನಡಿಯಲ್ಲಿ ಅದು ಎಷ್ಟು ಚೆಂದ ಕಂಡಿತೆಂದರೆ ಅವಳಿಗೆ ನಾಚಿಕೆಯಾಯಿತು. ಮಾವ ಬಂದು ಪಕ್ಕದ ಕಲ್ಲಿನ ಮೇಲೆ ಕೂತರು.

"ನೀರು ಶುದ್ಧ ಮಾಡೋ ಯಂತ್ರ ಇಲ್ಲ ಅಂತಲ್ಲ. ಅದನ್ನ ಓಡಿಸೋದು ಅಂದ್ರೆ ಆನೆ ಸಾಕಿದ ಹಾಗೆ. ನಿಮ್ಮೋರು ವರ್ಷ ವರ್ಷ ದರ ಇಳಿಸ್ತಾರೆ, ಆಮೇಲೆ ನಿನ್ನ ಕಳಿಸಿ ನೀರು ನೋಡು ಅಂತಾರೆ. ಹೊಟ್ಟೆ ಮೇಲೆ ಹೊಡೆದು, ಸ್ನಾನ ಆಯ್ತಾ ಅಂತ ಕೇಳಿದ ಹಾಗೆ."

"ನನಗೆ ಮೊದಲೇ ಹೇಳಬಹುದಿತ್ತಲ್ಲ."

"ಎತ್ತಿ ಆಡಿಸಿದ ಮಗು ಮುಂದೆ ಏನಂತ ಹೇಳಲಿ?"

ಬಿಸಿಲೇರುವವರೆಗೂ ಅವಳು ಅಲ್ಲೇ ಕೂತಿದ್ದಳು. ಆಮೇಲೆ ಮಾವನ ಎದುರಿಗೇ ಮೇಲಧಿಕಾರಿಗೆ ಫೋನ್ ಮಾಡಿದಳು.

"ನೀರು ನೀಲಿ ಇದೆ ಸರ್. ನಿನ್ನೆ ತೋರಿಸಿದ್ದು ನಾಟಕ." ಮಾವ ತಲೆ ತಗ್ಗಿಸಿದರು. "ಆದ್ರೆ ಯಂತ್ರ ಓಡಿಸೋಕಾಗದ ದರ ಕೊಟ್ಟಿರೋದು ನಾವೇ. ಅದನ್ನೂ ಬರೀತೀನಿ. ಇವರನ್ನ ಬಿಟ್ಟು ಬೇರೆ ಕಡೆ ಹೋದ್ರೆ ಇನ್ನೊಂದು ತೊರೆ ನೀಲಿಯಾಗುತ್ತೆ, ಅಷ್ಟೇ."

"ಮನೆ ಮರ್ಯಾದೆ ಬೀದಿಗೆ ತಂದೆ" ಎಂದು ಮಾವ ಎದ್ದು ಒಳಗೆ ಹೋದರು.

ಕಂಪನಿ ಮೀನಮೇಷ ಎಣಿಸಿತು. ಕೊನೆಗೆ ಕೊಳ್ಳುವುದನ್ನು ನಿಲ್ಲಿಸಲಿಲ್ಲ. ದರ ಸ್ವಲ್ಪ ಏರಿತು, ಯಂತ್ರ ನಿಲ್ಲದೆ ಓಡಬೇಕೆಂದು ಕರಾರಾಯಿತು. ಆ ಕಾರ್ಖಾನೆಯ ತಪಾಸಣೆಯನ್ನು ಅವಳೇ ಕೇಳಿಕೊಂಡು ಬೇರೆಯವರಿಗೆ ಬಿಟ್ಟುಕೊಟ್ಟಳು. ತೊರೆಯ ಸುದ್ದಿಯನ್ನೆಲ್ಲ ಅತ್ತೆ ಫೋನಿನಲ್ಲಿ ಹೇಳುತ್ತಿದ್ದರು. ಮಾವ ಮಾತ್ರ ಫೋನಿನ ಹತ್ತಿರ ಸುಳಿಯಲಿಲ್ಲ.

ಚಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಹೇಳದೆ ಕೇಳದೆ ಮಾವನ ಮನೆಗೆ ಹೋದಳು. ಮಾದರಿಗೆಂದು ಕೈಯಲ್ಲೇ ಅದ್ದಿ ತೆಗೆದ ಹಳದಿ ಬಟ್ಟೆಯ ಒಂದು ತುದಿ ಹಿಡಿದು ಮಾವ ಅಂಗಳದಲ್ಲಿ ನಿಂತಿದ್ದರು. ಇನ್ನೊಂದು ತುದಿ ನೆಲಕ್ಕೆ ತಾಗುವಂತಿತ್ತು. ಅವಳು ಚೀಲ ಇಳಿಸಿ ಅದನ್ನು ಎತ್ತಿಕೊಂಡಳು.

"ಹಿಂಡು" ಎಂದರು ಮಾವ, ಮುಖ ನೋಡದೆ.

ಅವರು ಒಂದು ದಿಕ್ಕಿಗೆ ತಿರುಚಿದರು, ಅವಳು ಇನ್ನೊಂದು ದಿಕ್ಕಿಗೆ. ಬಟ್ಟೆ ಹಗ್ಗದಂತೆ ಬಿಗಿದು ಇಬ್ಬರ ನಡುವೆ ನಡುಗಿತು. ಬಿಸಿಲಿನಲ್ಲಿ ಹನಿಗಳು ಉದುರತೊಡಗಿದವು.